ಉಡಿದಾರದ ಆರು ಬಿಲ್ಲೆ

"ಕತ್ತರಿ ಕೆಳಗಿಡು ಸುಖೇಶ! ಅದನ್ನು ಮುಟ್ಟಬೇಡ!"

ಲೀಲಾಕ್ಷಿ ಕೂಗಿಕೊಂಡೇ ಮೆಟ್ಟಿಲಿಳಿದಳು. ಪುಣೆಯ ಯೆರವಡಾದ ಆ ಹಳೆಯ ಬಿಲ್ಡಿಂಗಿನ ಅಂಗಳದಲ್ಲಿ ನಾಲ್ಕು ಮಂದಿ ಗಂಡಸರು ಬೆಡ್‌ಶೀಟು ಹಿಡಿದು ಮರೆ ಮಾಡಿದ್ದರು. ಮರೆಯ ಒಳಗೆ, ಹಲಗೆಯ ಮೇಲೆ, ಅವಳ ಗಂಡ ಸಂಕಪ್ಪ. ಮೈ ತೊಳೆಸಿ ಆಗಿತ್ತು. ಹೋಗುವವನ ಸೊಂಟದಲ್ಲಿ ಉಡಿದಾರ ಉಳಿಯಬಾರದೆಂದು ಸಂಕಪ್ಪನ ಅಕ್ಕನ ಮಗ ಸುಖೇಶ ಕತ್ತರಿ ಹಿಡಿದು ಬಗ್ಗಿದ್ದ.

"ಅಯ್ಯ, ಲೀಲಕ್ಕಾ!" ಎದುರುಮನೆಯ ರಂಗೂಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವಳದು ಬೆಳಗಾವಿ ಕಡೆ. ಸಾವಿನ ಮನೆಯ ರೀತಿನೀತಿ ಅವಳಿಗೆ ಬಾಯಿಪಾಠ. "ಅಷ್ಟು ಗಂಡಸರು ನಿಂತಾರ, ಮರೀ ಒಳಗ ಹೊಂಟೀರಲ್ರಿ!"

"ಮೂವತ್ನಾಲ್ಕು ವರ್ಷ ನೋಡದ್ದು ಇವತ್ತು ಎಂತ ಹೊಸತು ನೋಡ್ಲಿಕ್ಕುಂಟು ರಂಗೂಬಾಯಿ," ಎನ್ನುತ್ತ ಲೀಲಾಕ್ಷಿ ಬೆಡ್‌ಶೀಟು ಸರಿಸಿ ಒಳಗೆ ಹೋದಳು.

ಸುಖೇಶ ಬಾಯಿ ತೆರೆದು ನಿಂತಿದ್ದ. "ಅತ್ತೆ, ಇಲ್ಲಿ ನೋಡಿ. ಉಡಿದಾರಕ್ಕೆ ಬಿಲ್ಲೆ ಕಟ್ಟಿಕೊಂಡಿದ್ದಾರೆ. ನಮ್ಮ ಕ್ಯಾಂಟೀನಿನ ಟೋಕನ್ನು! ಹೋದ ವರ್ಷ ಕಾಣೆಯಾಗಿತ್ತಲ್ಲ, ನಾನು ಊರೆಲ್ಲ ಹುಡುಕಿದ್ದು, ಅಡುಗೆ ಭಟ್ರ ಮೇಲೆ ಸಂಶಯ ಪಟ್ಟದ್ದು..."

"ಗೊತ್ತು. ನೀನು ಹುಡುಕುವಾಗ ಅವರೂ ನಿನ್ನೊಟ್ಟಿಗೆ ಬೆಂಚಿನ ಅಡಿ ಬಗ್ಗಿ ಹುಡುಕಿದ್ರು." ಲೀಲಾಕ್ಷಿ ಕತ್ತರಿ ಹಿಡಿದ ಅವನ ಕೈ ತಡೆದಳು. "ಈಗ ಕೇಳು. ಉಡಿದಾರವನ್ನು ಎರಡೂ ಬದಿಯಲ್ಲಿ ಕತ್ತರಿಸು. ಬಿಲ್ಲೆ ಪೋಣಿಸಿದ ನೂಲಿಗೆ ಕತ್ತರಿ ತಾಗಬಾರದು. ಒಂದು ಬಿಲ್ಲೆ ಹಿಂದೆಮುಂದೆ ಆದರೆ ನಿನ್ನ ಮಾವ ಚಿತೆಯಿಂದ ಎದ್ದು ಬಂದಾರು."

ನಡುವೆ ತೂತಿದ್ದ ಆರು ಹಿತ್ತಾಳೆ ಬಿಲ್ಲೆಗಳು ಕಿಣಿಕಿಣಿ ಎನ್ನುತ್ತ ಅವಳ ಬಿಳಿ ಕರವಸ್ತ್ರದೊಳಗೆ ಬಿದ್ದವು. ಒದ್ದೆಯಾಗಿದ್ದವು. ಅವಳು ಕಣ್ಣು ಬೇರೆ ಕಡೆ ತಿರುಗಿಸಿ, ನಂಬರು ನೋಡದೆ, ಗಂಟು ಕಟ್ಟಿದಳು. ಹನ್ನೊಂದು ತಿಂಗಳು ಗಂಡ ನೋಡಬೇಡ ಅಂದದ್ದನ್ನು ಇವತ್ತು ಮಾತ್ರ ಯಾಕೆ ನೋಡಬೇಕು?

ಆಮೇಲೆ ಫೋನು ತೆಗೆದು ರಕ್ಷಿತಾಗೆ ಹಚ್ಚಿದಳು. ಸಂಕಪ್ಪ ಕ್ಯಾಂಟೀನು ನಡೆಸುತ್ತಿದ್ದ ಖಗೋಳ ಸಂಸ್ಥೆಯಲ್ಲಿ ಸಂಶೋಧನೆ ಮಾಡುವ ಬೆಂಗಳೂರಿನ ಹುಡುಗಿ ಆಕೆ.

"ಸಿಕ್ಕಿತು ಮಗಾ. ನನ್ನ ಕೈಯಲ್ಲೇ ಉಂಟು."

ಆ ಕಡೆ ಉಸಿರು ಎಳೆದುಕೊಂಡ ಸದ್ದು. ಆಮೇಲೆ ಅಳು. "ಆಂಟಿ, ಬೆಳಿಗ್ಗೆಯಿಂದ ಅದನ್ನೇ ಯೋಚನೆ ಮಾಡ್ತಿದೀನಿ. ಇಂಥ ಹೊತ್ತಲ್ಲಿ ಹೇಗೆ ಕೇಳೋದು ಅಂತ ಬಾಯೇ ಬರ್ಲಿಲ್ಲ. ಮೂರು ವರ್ಷದ ಕೆಲಸ ಹೋಯ್ತು ಅಂದ್ಕೊಂಡು ಸುಮ್ನಿದ್ದೆ."

"ಕೇಳದಿದ್ರೆ ಸುಟ್ಟು ಕರಗಿ ಹೋಗ್ತಿತ್ತು, ಹುಚ್ಚಿ. ಪೆಟ್ಟಿಗೆ ತೆರೆಯುವುದು ಇವತ್ತೇ ಅಲ್ವಾ?"

"ಸಂಜೆ ಐದಕ್ಕೆ. ಎಂಟು ದೇಶದವರು ಆನ್‌ಲೈನ್ ಬರ್ತಾರೆ."

"ಐದಕ್ಕೆ ನಿನ್ನ ಅಂಕಲ್ ಇರುವುದಿಲ್ಲ. ಹನ್ನೆರಡಕ್ಕೆ ಮಾಡಿ. ನಾವು ಅಲ್ಲಿಗೇ ಕರಕೊಂಡು ಬರ್ತೇವೆ."

*

ಕಾರ್ಕಳದ ಕಡೆಯಿಂದ ಬಂದು ಪುಣೆಯ ಮೂರು ಹೋಟೆಲುಗಳಲ್ಲಿ ದೋಸೆ ಕಾವಲಿ ಕಾದ ಸಂಕಪ್ಪನಿಗೆ ಖಗೋಳ ಸಂಸ್ಥೆಯ ಕ್ಯಾಂಟೀನು ಸಿಕ್ಕಿ ಮೂವತ್ತೊಂದು ವರ್ಷ. ಓದಿದ್ದು ಏಳನೇ ಕ್ಲಾಸು. ಆದರೆ ಅವನ ಕ್ಯಾಂಟೀನಿನ ಗೋಡೆಗೆ ಕಿವಿ ಇದ್ದಿದ್ದರೆ ಅದೂ ಡಾಕ್ಟರೇಟ್ ತೆಗೆದುಕೊಳ್ಳುತ್ತಿತ್ತು. ಅಷ್ಟು ದೊಡ್ಡ ದೊಡ್ಡ ಮಾತು ಅಲ್ಲಿ ಉಪ್ಪಿಟ್ಟಿನೊಟ್ಟಿಗೆ ನಡೆಯುತ್ತಿತ್ತು.

ಅವನಿಗೊಂದು ಚಾಳಿ. ತೊಳೆದು ಬಂದ ಗಾಜಿನ ಲೋಟವನ್ನು ಒಂದೊಂದಾಗಿ ಕಿಟಕಿಯ ಬೆಳಕಿಗೆ ಹಿಡಿಯುವುದು. ಚೂರು ಕಲೆ ಕಂಡರೂ "ಇನ್ನೊಮ್ಮೆ" ಎಂದು ವಾಪಸು ಕೊಡುವುದು. ತೊಳೆಯುವವರು ಯಾರೇ ಇರಲಿ, ಲೀಲಾಕ್ಷಿಯೇ ಇರಲಿ, ಅದೇ ಒಂದು ಶಬ್ದ: ಇನ್ನೊಮ್ಮೆ.

ಒಂದು ದಿನ ಬಾಳಕೃಷ್ಣ ಸರ್ ಟೀ ಕುಡಿಯುತ್ತ ಹೇಳಿದ್ದರು. ಧಾರವಾಡದವರು, ಸಂಸ್ಥೆಯ ದೊಡ್ಡ ಪ್ರೊಫೆಸರು. "ಸಂಕಪ್ಪಣ್ಣ, ಐನ್‌ಸ್ಟೈನ್ ಹೇಳಿದ ಸೆಳೆತದ ನಿಯಮ ಈಗ ಪರೀಕ್ಷಾಕ್ಕ ಕೂಡಸೇವಿ ನೋಡ್ರಿ. ಗುರುತ್ವಾಕರ್ಷಣೆ."

"ಅದು ನೂರು ವರ್ಷದ ಹಿಂದೆಯೇ ಪಾಸಾಯಿತಲ್ಲ ಸರ್?"

"ಪಾಸಾಗಿದ್ದು ಸೂರ್ಯನ ಸುತ್ತಮುತ್ತ, ನಮ್ಮ ಮನೀ ಅಂಗಳದಾಗ. ಕೋಟಿಗಟ್ಟಲೆ ಗೆಲಾಕ್ಸಿ ಇರೋ ಅಷ್ಟು ದೂರದಾಗ ಅದೇ ನಿಯಮ ನಡೀತದೋ ಇಲ್ಲೋ, ಯಾರಿಗೆ ಗೊತ್ತು? ವಿಶ್ವ ದಿನದಿನಕ್ಕ ಜೋರಾಗಿ ಹಿಗ್ಗಾಕತ್ತದ. ಯಾಕಂತ ಗೊತ್ತಿಲ್ಲ. ಒಂದೋ ಕಣ್ಣಿಗೆ ಕಾಣದ್ದು ಏನೋ ಅದ, ಇಲ್ಲಾ ನಿಯಮಾನೇ ಅಲ್ಲಿ ಬ್ಯಾರೆ ಅದ. ನನಗನಸ್ತದ, ಬ್ಯಾರೆ ಅದ."

"ಅಳೆಯುವುದು ಹೇಗೆ ಸರ್? ಅಲ್ಲಿಗೆ ಹೋಗ್ಲಿಕ್ಕಾಗುವುದಿಲ್ಲ."

"ಬೆಳಕು ಬರ್ತದಲ್ರಿ. ದೂರದ ಗೆಲಾಕ್ಸಿ ಬೆಳಕು ನಮ್ಮ ಕಡೆ ಬರೋ ದಾರಿಯೊಳಗ ನಡುವಿನ ಗೆಲಾಕ್ಸಿಗಳ ಸೆಳೆತಕ್ಕ ಚೂರು ಬಾಗ್ತದ. ಎಷ್ಟು ಬಾಗೇದ ಅಂತ ನೋಡೋದು. ಆ ಗೆಲಾಕ್ಸಿಗಳು ಒಂದರ ಕಡೆ ಒಂದು ಎಷ್ಟು ಜೋರಾಗಿ ಓಡ್ತಾವ ಅಂತ ನೋಡೋದು. ಎರಡೂ ಲೆಕ್ಕ ತಾಳೆ ಆದ್ರ ನಿಯಮ ಖರೆ."

ಸಂಕಪ್ಪ ಕೈಯಲ್ಲಿದ್ದ ಲೋಟವನ್ನು ಕಿಟಕಿಗೆ ಹಿಡಿದು ತಿರುಗಿಸಿದ. "ಅಂದ್ರೆ ಇದೇ. ತೊಳೆದದ್ದೇ ಆದ್ರೂ ಬೆಳಕಿಗೆ ಹಿಡಿದು ನೋಡುವುದು."

ಬಾಳಕೃಷ್ಣ ಸರ್ ಟೀ ನೆತ್ತಿಗೇರಿ ಕೆಮ್ಮಿದರು. ಆಮೇಲೆ ಆ ಮಾತನ್ನು ನಾಲ್ಕು ಭಾಷಣಗಳಲ್ಲಿ ಹೇಳಿದರಂತೆ.

ಪಂದ್ಯ ಹುಟ್ಟಿದ್ದೂ ಆವತ್ತೇ. "ಇಲ್ಲಿಯ ಕಿಲೋ ಕಾರ್ಕಳದಲ್ಲೂ ಕಿಲೋವೇ ಸರ್. ಅಷ್ಟು ದೊಡ್ಡ ಅಂಗಡಿ ನಡೆಸುವವ ಒಂದೊಂದು ಊರಿಗೆ ಒಂದೊಂದು ತೂಕದ ಕಲ್ಲು ಇಡ್ಲಿಕ್ಕಿಲ್ಲ," ಅಂದ ಸಂಕಪ್ಪ. ಸೋತವರು ಒಂದು ಸಂಜೆಯ ಟೀ ಲೋಟ ಅಷ್ಟೂ ತೊಳೆಯಬೇಕು. ಸಂಕಪ್ಪ ಸೋತರೆ ಲೋಟ ತೊಳೆಯುವುದು ಅವನಿಗೆ ಹೊಸತೇನಲ್ಲವಲ್ಲ ಎಂದು ಲೀಲಾಕ್ಷಿ ಚುಚ್ಚಿದ್ದಕ್ಕೆ, "ಅದಕ್ಕೇ ಈ ಪಂದ್ಯ ಕಟ್ಟಿದ್ದು. ವ್ಯಾಪಾರ ನನಗೆ ಕಲಿಸ್ತೀಯಾ?" ಎಂದು ಕಣ್ಣು ಮಿಟುಕಿಸಿದ್ದ.

ಬಿಲ್ಲೆಯ ಕತೆ ಆಮೇಲಿನದ್ದು. ಲೆಕ್ಕ ಮಾಡುವವರಿಗೇ ನಿಜವಾದ ಅಂಕಿ ಕಾಣದ ಹಾಗೆ ಮುಚ್ಚಿಡುವ ಪದ್ಧತಿ ಅವರಲ್ಲಿ ಉಂಟು. ರಕ್ಷಿತಾ ಹೇಳಿದ್ದಳು, "ನಮಗೆ ಇಷ್ಟವಾದ ಉತ್ತರ ಬರೋವರೆಗೂ ತಪ್ಪು ಹುಡುಕ್ತೀವಿ ಅಂಕಲ್, ಬಂದ ಕೂಡಲೇ ಹುಡುಕೋದು ನಿಲ್ಲಿಸಿಬಿಡ್ತೀವಿ. ಮನುಷ್ಯರಲ್ವಾ? ಅದಕ್ಕೇ ಕಣ್ಣಿಗೆ ನಾವೇ ಬಟ್ಟೆ ಕಟ್ಕೊಳ್ಳೋದು."

"ಸರಿಯೇ. ಸಾರಿನ ಉಪ್ಪು ನೋಡುವವ ಹಸಿದಿರಬಾರದು."

ಹೊರಗಿನವರು ಯಾರಾದರೂ ಆರು ಅಂಕಿ ಆರಿಸಿ, ಒಬ್ಬರೇ ಕೂತು ಮೆಷೀನಿಗೆ ಒತ್ತಬೇಕು. ಮೆಷೀನು ಆ ಅಂಕಿಗಳ ಪ್ರಕಾರ ಇಡೀ ಅಳತೆಯನ್ನು ಗುಟ್ಟಾಗಿ ಆಚೀಚೆ ಸರಿಸಿಬಿಡುತ್ತದೆ. ಕೆಲಸವೆಲ್ಲ ಮುಗಿದ ಮೇಲೆ, ಅದೇ ಅಂಕಿ ಅದೇ ಅನುಕ್ರಮದಲ್ಲಿ ಒತ್ತಿದರೆ ಸರಿಸಿದ್ದು ಸ್ವಸ್ಥಾನಕ್ಕೆ ಬರುತ್ತದೆ. ಅದಕ್ಕೇ ಅವರು ಪೆಟ್ಟಿಗೆ ತೆರೆಯುವುದು ಎನ್ನುತ್ತಿದ್ದರು. ಆ ಹೊರಗಿನವನಾಗಿ ಸಂಕಪ್ಪನನ್ನು ಆರಿಸಿದ್ದು ಬಾಳಕೃಷ್ಣ ಸರ್ ಅವರೇ. "ಪಂದ್ಯದಾಗ ನನ್ನ ಎದುರಾಳಿ ಖರೆ. ಆದ್ರ ನನಗಿಂತ ಅವರ ಮ್ಯಾಲೆ ನನಗ ವಿಶ್ವಾಸ ಜಾಸ್ತಿ ಅದ."

ಸಂಕಪ್ಪ ಕ್ಯಾಂಟೀನಿನ ನೂರು ಬಿಲ್ಲೆಯ ಚೀಲ ಹೆಗಲಿಗೆ ಹಾಕಿಕೊಂಡು, ಬಿಲ್ಲೆ ಪೋಣಿಸುವ ಅಡುಗೆಮನೆಯ ಕಂಬಿಯನ್ನೂ ಹಿಡಿದುಕೊಂಡು, ಆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಿದ್ದ. ಬರುವಾಗ ಕಂಬಿ ಖಾಲಿ. ಆರು ಬಿಲ್ಲೆ ಎಲ್ಲಿ ಎಂದು ಲೀಲಾಕ್ಷಿ ಗುಟ್ಟಾಗಿ ಕೇಳಿದರೆ ಶರ್ಟಿನ ಕೆಳಗೆ ಕಿಣಿ ಎಂದಿತು.

"ಲಾಕರಿಗೆ ಎರಡು ಕೀಲಿ ಇರ್ತದೆ," ಅಂದಿದ್ದ. "ಸೊಂಟಕ್ಕೆ ಒಬ್ಬನೇ ಯಜಮಾನ."

ಹನ್ನೊಂದು ತಿಂಗಳು ಅವನು ಮಗ್ಗುಲು ಬದಲಿಸಿದಾಗಲೆಲ್ಲ ಸದ್ದು. "ಈ ಪ್ರಾಯದಲ್ಲಿ ಗೆಜ್ಜೆ ಕಟ್ಟಿಕೊಂಡಿರಾ?" ಎಂದು ಅವಳು ನಕ್ಕಿದ್ದೇ ನಕ್ಕಿದ್ದು. ಇವತ್ತು ಪೆಟ್ಟಿಗೆ ತೆರೆಯುವ ದಿನವೆಂದು ನೀಲಿ ಗೀಟಿನ ಶರ್ಟು ಇಸ್ತ್ರಿ ಮಾಡಿಸಿ ಇಟ್ಟಿದ್ದ. ಬೆಳಿಗ್ಗೆ ಐದೂವರೆಗೆ ಅದನ್ನೇ ಹಾಕಿಕೊಂಡು, ಬಾಗಿಲಲ್ಲಿ ಚಪ್ಪಲಿ ಮೆಟ್ಟಲು ಬಗ್ಗಿದವನು, ಮತ್ತೆ ಏಳಲಿಲ್ಲ.

*

ಶವವಾಹನ ಸಂಸ್ಥೆಯ ಗೇಟಿನೊಳಗೆ ತಿರುಗುವಾಗ ಹನ್ನೊಂದೂವರೆ. ಕ್ಯಾಂಟೀನಿನ ಮುಂದಿನ ಆಲದ ಮರದ ಕೆಳಗೆ ನಿಲ್ಲಿಸಿದರು. ಇನ್ನೂರು ಜನ ಕಾದಿದ್ದರು: ತೋಟದ ಮಾಲಿ, ಸೆಕ್ಯೂರಿಟಿಯವರು, ವಿದ್ಯಾರ್ಥಿಗಳು, ಒಬ್ಬ ಜಪಾನಿನವನು. ಒಬ್ಬೊಬ್ಬರೇ ಬಂದು ಹೂವು ಇಟ್ಟರು. ಲೀಲಾಕ್ಷಿಗೆ ಅಳು ಬರುವುದರಲ್ಲಿತ್ತು. ಆದರೆ ಕೈಯಲ್ಲಿ ಗಂಟು ಇತ್ತು. ಅದು ಕೆಂಡದಂತೆ ಅವಳನ್ನು ಕೂರಲು ಬಿಡಲಿಲ್ಲ.

ಕ್ಯಾಂಟೀನಿನ ಒಳಗೇ ಮೇಜು ಜೋಡಿಸಿ ಕಂಪ್ಯೂಟರು ಇಟ್ಟಿದ್ದರು. ಗೋಡೆಯ ಪರದೆಯ ಮೇಲೆ ಬೇರೆ ಬೇರೆ ದೇಶದವರ ಮುಖಗಳು. ಕೆಲವರು ನಿದ್ದೆಯಿಂದ ಎದ್ದು ಬಂದಿದ್ದರು, ಒಬ್ಬಾಕೆ ಮಗುವನ್ನು ಹೆಗಲಿಗೆ ಹಾಕಿಕೊಂಡಿದ್ದಳು. ಎಲ್ಲರೂ ಎದ್ದು ನಿಂತು ಲೀಲಾಕ್ಷಿಗೆ ಕೈಮುಗಿದರು.

ಅವಳು ಗಂಟು ಬಿಚ್ಚಿದಳು. ರಕ್ಷಿತಾ ನೂಲನ್ನು ಮೇಜಿನ ಮೇಲೆ ನೇರ ಮಾಡಿದಳು. ಆರು ಬಿಲ್ಲೆ, ಒಂದಕ್ಕೊಂದು ಬೆನ್ನು ಹತ್ತಿ ಕೂತಿದ್ದವು. ಎರಡು ತುದಿಗೂ ಒಂದೇ ರೀತಿಯ ಗಂಟು.

ಹುಡುಗಿ ಎರಡೂ ಗಂಟುಗಳನ್ನು ತಿರುಗಿಸಿ ನೋಡಿದಳು. "ಯಾವ ಕಡೆಯಿಂದ ಶುರು?"

ಅವಳು ಸುಖೇಶನ ಕಡೆ ತಿರುಗಿದಳು.

"ಸುಖೇಶಣ್ಣ, ಸೊಂಟದಲ್ಲಿದ್ದಾಗ ಎಡಕ್ಕೆ ಯಾವ ತುದಿ ಇತ್ತು?"

"ದೇವರಾಣೆ ಗೊತ್ತಿಲ್ಲ ಮೇಡಂ. ಅತ್ತೆ ಬೊಬ್ಬೆ ಹಾಕಿದ ಹೆದರಿಕೆಗೆ ನನ್ನ ಎಡಬಲವೇ ನನಗೆ ಮರೆತುಹೋಗಿತ್ತು."

"ಎರಡೂ ಕಡೆಯಿಂದ ಹಾಕಿ ನೋಡಿದ್ರಾತಲ್ಲ," ಹಿಂದಿನಿಂದ ಯಾರೋ ಅಂದರು. "ಸರಿ ಇರೋದು ಗೊತ್ತಾಗತ್ತೆ."

"ಗೊತ್ತಾಗಲ್ಲ!" ರಕ್ಷಿತಾ ತಿರುಗಿ ನಿಂತಳು. "ತಪ್ಪು ಹಾಕಿದ್ರೆ ಮೆಷೀನ್ ತಪ್ಪು ಅನ್ನಲ್ಲ. ಚಂದದ ಒಂದು ಸುಳ್ಳು ಚಿತ್ರ ಕೊಡತ್ತೆ. ಎರಡು ಚಿತ್ರ ನೋಡಿ ಒಂದನ್ನ ಆರಿಸಿದ್ರೆ, ನಮಗೆ ಬೇಕಾದ್ದನ್ನ ಆರಿಸಿದ ಹಾಗೇ. ಹನ್ನೊಂದು ತಿಂಗಳು ಕಣ್ಣು ಕಟ್ಕೊಂಡಿದ್ದು ಯಾತಕ್ಕೆ? ನೋಡೋ ಮೊದಲೇ ನಿರ್ಧಾರ ಆಗ್ಬೇಕು. ಒಂದೇ ಸಲ."

ಬಾಳಕೃಷ್ಣ ಸರ್ ಕನ್ನಡಕ ಏರಿಸಿ ಬಗ್ಗಿದರು. "ಈ ತುದಿಯೊಳಗ ನಂಬರ್ ಎದ್ದು ಕಾಣ್ತದ. ಆ ತುದಿಯೊಳಗ ಬರೇ ಬೆನ್ನು. ಓದೋದು ನಂಬರ್ ಕಾಣೋ ಕಡೆಯಿಂದ ಅಲ್ಲೇನ್ರಿ? ಅದು ಸಹಜ."

"ಹೌದು ಸರ್," ಎಂದು ರಕ್ಷಿತಾ ಕುರ್ಚಿ ಎಳೆದುಕೊಂಡಳು. ಬೆರಳು ಕೀಲಿಮಣೆಯ ಮೇಲೆ ಹೋಯಿತು.

"ನಿಲ್ಲು," ಅಂದಳು ಲೀಲಾಕ್ಷಿ.

ಅವಳು ಬಿಲ್ಲೆಗಳನ್ನೇ ನೋಡುತ್ತಿದ್ದಳು. ಆರಕ್ಕೆ ಆರೂ ಒಂದೇ ಕಡೆ ಮುಖ ಮಾಡಿದ್ದವು. ಒಂದಾದರೂ ತಿರುವುಮುರುವು ಆಗಿರಲಿಲ್ಲ. ಕಂಬಿ! ಆವತ್ತು ಅವರು ಕಂಬಿ ಕೊಂಡುಹೋಗಿದ್ದರಲ್ಲ! ಅರ್ಧ ಗಂಟೆ ಅಡುಗೆಮನೆಯಲ್ಲಿ ಕಂಬಿ ಇಲ್ಲದೆ, ಮೊದಲು ಬಂದವನಿಗೆ ಕೊನೆಗೆ ದೋಸೆ ಹೋಗಿ, ದೊಡ್ಡ ಗಲಾಟೆಯೇ ಆಗಿತ್ತು.

"ಸರ್, ಆ ನಂಬರು ಕಾಣುವುದು ಕೊನೆಯ ಬಿಲ್ಲೆ. ಮೊದಲನೆಯದ್ದಲ್ಲ."

"ಹೆಂಗ ಹೇಳ್ತೀರಿ ವೈನಿ?"

"ಬನ್ನಿ."

ಅವಳು ಅಡುಗೆಮನೆಯ ಕಿಟಕಿಗೆ ನಡೆದಳು. ಹಿಂದಿನಿಂದ ಎಲ್ಲರೂ, ಒಬ್ಬ ಹುಡುಗ ಕ್ಯಾಮರಾ ಎತ್ತಿಕೊಂಡು. ಕಿಟಕಿಯ ಕಟ್ಟೆಯ ಮೇಲೆ, ಮರದ ತುಂಡಿಗೆ ನೆಟ್ಟಗೆ ಹೊಡೆದ ಒಂದು ಕಂಬಿ. ಗಿರಾಕಿ ಬಿಲ್ಲೆ ಕೊಟ್ಟ ಹಾಗೆ ಅದಕ್ಕೆ ಪೋಣಿಸುತ್ತ ಹೋಗುವುದು. ನಿನ್ನೆ ಸಂಜೆಯ ಬಿಲ್ಲೆಗಳು ಹಾಗೇ ಇದ್ದವು, ಸಂಕಪ್ಪ ಕೈಯಾರೆ ಹಾಕಿದ್ದು. ಬೆಳಿಗ್ಗೆ ಬಂದು ಬೋರ್ಡಿಗೆ ಜೋಡಿಸುವುದು ಅವನ ಕೆಲಸ. ಇವತ್ತು ಅದು ಆಗಿರಲಿಲ್ಲ.

"ಹಾಕುವಾಗ ನಂಬರು ಮೇಲೆ ಮಾಡಿಯೇ ಹಾಕುವುದು. ಮೇಲಿನದ್ದು ಓದ್ಲಿಕ್ಕೆ ಆಗ್ಬೇಕಲ್ಲ. ಮೊದಲು ಬಂದವ ಅಡಿಯಲ್ಲಿ ಇರ್ತಾನೆ, ಅವನ ಬೆನ್ನು ಮರಕ್ಕೆ. ಅಂಗಡಿಯ ಕೈ ಇದು ಸರ್, ಇನ್ನೊಂದು ರೀತಿ ಅವರಿಗೆ ಬರುವುದೇ ಇಲ್ಲ. ಆವತ್ತೂ ಒಂದು ತೆಗೆದು, ಮೆಷೀನಿಗೆ ಒತ್ತಿ, ಕಂಬಿಗೆ ಹಾಕಿದ್ದಾರೆ. ಮತ್ತೆ ಒಟ್ಟಿಗೆ ಎತ್ತಿ ನೂಲಿಗೆ ಇಳಿಸಿದ್ದಾರೆ. ನೂಲಲ್ಲಿ ಬಿಲ್ಲೆ ಜಾರಬಹುದು, ಮಗುಚಲಿಕ್ಕೆ ಆಗುವುದಿಲ್ಲ."

ಬಾಳಕೃಷ್ಣ ಸರ್ ಗಡ್ಡ ಕೆರೆದುಕೊಂಡರು. ಕಣ್ಣು ಹೊಳೆಯುತ್ತಿತ್ತು. "ಸಿದ್ಧಾಂತ ಛಲೋ ಅದ ವೈನಿ. ಪುರಾವೆ?"

"ನಿನ್ನೆ ಸಂಜೆ ಮೊದಲ ಟೀ ಯಾರದ್ದು?"

"ನಂದೇ! ನಾಲ್ಕಕ್ಕ ಬಾಗಿಲಾ ತಗದ ಕೂಡಲೆ ಬಂದಿದ್ನಲ್ಲ. ಹನ್ನೊಂದು ಕೊಡ್ರಿ ಅಂದೆ, ಯಾವಾಗಲೂ ಅದನ್ನೇ ಕೇಳ್ತೀನಿ."

"ಕೊನೆಯದ್ದು?"

ರಕ್ಷಿತಾ ಕೈ ಎತ್ತಿದಳು. "ನಾನು. ಅಂಚು ಒಡೆದ ಟೋಕನ್. ಅರವತ್ನಾಲ್ಕು."

"ಹಾಗಾದ್ರೆ ಎಣಿಸುವ."

ಕಂಬಿಯ ತುದಿಯಲ್ಲಿ, ಅಂಚು ಒಡೆದ ಅರವತ್ನಾಲ್ಕು ಮುಖ ಮೇಲೆ ಮಾಡಿ ಕೂತಿತ್ತು. ಯಾರೋ "ಓ" ಎಂದರು. ಲೀಲಾಕ್ಷಿ ಒಂದೊಂದಾಗಿ ತೆಗೆದಳು. ಎಲ್ಲವೂ ನಂಬರು ಮೇಲಕ್ಕೆ. ಮೂವತ್ತೆಂಟು ಬಿಲ್ಲೆ ತೆಗೆಯುವಷ್ಟರಲ್ಲಿ ಜನ ಒಬ್ಬರ ಹೆಗಲ ಮೇಲೊಬ್ಬರು ಬಿದ್ದಿದ್ದರು. ಕೊನೆಗೆ ಮರಕ್ಕೆ ಅಂಟಿಕೊಂಡು ಒಂದೇ ಒಂದು ಉಳಿಯಿತು.

ಹನ್ನೊಂದು.

"ಬರ್ಕೊಳ್ಳವ್ವಾ ರಕ್ಷಿತಾ!" ಬಾಳಕೃಷ್ಣ ಸರ್ ಕೂಗಿದರು. "ಬೆನ್ನಿನ ಕಡೆಯಿಂದ. ಎಲ್ಲಾರೂ ಒಪ್ಪಿದ್ರೋ? ಇನ್ನ ಮ್ಯಾಲೆ ಮಾತು ಬದಲಿಲ್ಲ!" ಪರದೆಯ ಮೇಲೆ ಎಂಟು ದೇಶದವರೂ ಹೆಬ್ಬೆರಳು ಎತ್ತಿದರು.

ಅಂಕಿಗಳನ್ನು ಲೀಲಾಕ್ಷಿ ಓದಿದಳು, ರಕ್ಷಿತಾ ಒತ್ತಿದಳು. ಎಪ್ಪತ್ತೊಂದು. ಮೂರು. ತೊಂಬತ್ತು. ಹದಿನಾಲ್ಕು. ಇಪ್ಪತ್ತಾರು. ಐವತ್ತೆರಡು. ಹೊರಗೆ ಆಲದ ಮರದ ಕೆಳಗೆ ಡ್ರೈವರು ಎಂಜಿನು ಆರಿಸಿದ. ರಂಗೂಬಾಯಿ ಶವದ ಹತ್ತಿರ ಕೂತಲ್ಲಿಂದಲೇ ಕತ್ತು ಚಾಚಿದ್ದಳು.

ಪರದೆಯಲ್ಲಿ ಒಂದು ನೀಲಿ ಗೆರೆ, ಐನ್‌ಸ್ಟೈನಿನ ನಿಯಮದ್ದು. ಅದರಿಂದ ಮಾರು ದೂರದಲ್ಲಿ ಎಂಟು ಕಪ್ಪು ಚುಕ್ಕೆ ಅಂಡಲೆಯುತ್ತಿದ್ದವು. ರಕ್ಷಿತಾ ಕಣ್ಣು ಮುಚ್ಚಿ ಕೊನೆಯ ಕೀಲಿ ಒತ್ತಿದಳು.

ಚುಕ್ಕೆಗಳು ಮಾಯವಾದವು. ಒಂದು, ಎರಡು, ಮೂರು ಸೆಕೆಂಡು. ಆಮೇಲೆ ಒಂದೊಂದಾಗಿ ಬಂದು, ಊಟದ ಪಂಕ್ತಿಯಲ್ಲಿ ಕೂತ ಹಾಗೆ, ನೀಲಿ ಗೆರೆಯ ಮೇಲೆ ಕೂತವು. ಒಂದು ಚೂರು ಮೇಲೆ, ಒಂದು ಚೂರು ಕೆಳಗೆ. ಆದರೆ ಎಲ್ಲವೂ ಪಂಕ್ತಿಯಲ್ಲೇ.

ಕ್ಯಾಂಟೀನಿನ ತಗಡಿನ ಮಾಡು ಹಾರಿಹೋಗುವಂಥ ಬೊಬ್ಬೆ. ಯಾರು ಯಾರನ್ನು ಅಪ್ಪಿಕೊಂಡರೋ! ಜಪಾನಿನವನು ಸುಖೇಶನನ್ನು ನೆಲದಿಂದ ಎತ್ತಿಬಿಟ್ಟಿದ್ದ. ಆಮೇಲೆ, ಹೊರಗೆ ಹೆಣ ಇದೆಯೆಂದು ನೆನಪಾಗಿ, ಎಲ್ಲರೂ ಒಮ್ಮೆಲೇ ಸುಮ್ಮನಾದರು.

ಲೀಲಾಕ್ಷಿ ಮಾತ್ರ ಸುಮ್ಮನಾಗಲಿಲ್ಲ. ಅವಳು ಹೆಚ್ಚುಕಡಿಮೆ ಓಡಿಕೊಂಡೇ ಮರದ ಕೆಳಗೆ ಹೋಗಿ, ನೀಲಿ ಗೀಟಿನ ಶರ್ಟಿನ ಕಾಲರು ಸರಿಮಾಡಿ, ಗಂಡನ ಕಿವಿಗೆ ಬಾಯಿಟ್ಟು ಹೇಳಿದಳು. ಏನು ಹೇಳಿದಳೆಂದು ಪಕ್ಕದಲ್ಲಿದ್ದ ರಂಗೂಬಾಯಿಗೂ ಕೇಳಿಸಲಿಲ್ಲ. ಆದರೆ ಅಳುತ್ತಲೇ ಲೀಲಾಕ್ಷಿ ನಗುತ್ತಿದ್ದುದು ಅವಳಿಗೆ ಕಂಡಿತು. ಈ ಸಲ ರಂಗೂಬಾಯಿ ರೀತಿನೀತಿಯ ಮಾತು ಎತ್ತಲಿಲ್ಲ.

*

ಗಂಡಸರು ಹೆಣ ತೆಗೆದುಕೊಂಡು ಹೋದರು. ಹೆಂಗಸರು ಸ್ಮಶಾನಕ್ಕೆ ಹೋಗುವ ಪದ್ಧತಿ ಇಲ್ಲ. ಮನೆಗೆ ಹೋಗೋಣವೆಂದು ರಂಗೂಬಾಯಿ ಕೈ ಹಿಡಿದಳು. "ಚೂರು ತಡೀರಿ," ಎಂದು ಲೀಲಾಕ್ಷಿ ಕ್ಯಾಂಟೀನಿನೊಳಗೇ ಕೂತಳು. ಬಂದವರಿಗೆಲ್ಲ ವಿದ್ಯಾರ್ಥಿಗಳೇ ಟೀ ಮಾಡಿ ಕೊಟ್ಟಿದ್ದರು. ಯಾವ ಮೇಜಿನ ಮೇಲೆ ನೋಡಿದರೂ ಎಂಜಲು ಲೋಟ.

ಅವಳು ಕಂಬಿಯ ಬಿಲ್ಲೆಗಳನ್ನೆಲ್ಲ ಬೋರ್ಡಿಗೆ ಜೋಡಿಸಿ, ನೂಲು ಬಿಚ್ಚಿ ಆ ಆರನ್ನೂ ಉಳಿದ ಆರು ಖಾಲಿ ಮೊಳೆಗೆ ತೂಗುಹಾಕಿದಳು. ನೂರೂ ತುಂಬಿದವು. ಅಷ್ಟರಲ್ಲಿ ಹಿಂಬದಿಯಲ್ಲಿ ನಲ್ಲಿ ಬಿಟ್ಟ ಸದ್ದು.

ಹೋಗಿ ನೋಡಿದರೆ ಬಾಳಕೃಷ್ಣ ಸರ್. ಸ್ಮಶಾನಕ್ಕೆ ಹೋದವರು ಅರ್ಧ ದಾರಿಯಿಂದ ಇಳಿದು ಬಂದಿದ್ದರು. ಸಂಕಪ್ಪನ ಏಪ್ರನ್ನು ಕಟ್ಟಿಕೊಂಡು, ತೋಳು ಮಡಚಿ, ಮೊಣಕೈ ತನಕ ನೊರೆ ಮಾಡಿಕೊಂಡು ನಿಂತಿದ್ದರು.

"ಸರ್, ಇದೆಂತ! ಬಿಡಿ, ನಾನು..."

"ದೂರ ಸರೀರಿ ವೈನಿ. ಪಂದ್ಯ ಅಂದ್ರ ಪಂದ್ಯ." ತಿರುಗಿ ನೋಡಲಿಲ್ಲ. ದನಿ ಒದ್ದೆಯಾಗಿತ್ತು. "ಸೋತದ್ದು ಇಷ್ಟು ಖುಷಿ ಕೊಡ್ತದ ಅಂತ ಗೊತ್ತಿರಲಿಲ್ಲ. ಇನ್ನಾ ದೂರ ಹೋಗಿ ನೋಡಬೇಕ್ರಿ ಈಗ. ಇನ್ನಾ ದೂರ!"

ಒಂದು ಲೋಟ ತೊಳೆದು, ಜಾಡಿಸಿ, ಅವಳ ಕೈಗೆ ಕೊಟ್ಟರು.

ಲೀಲಾಕ್ಷಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ನಿಧಾನವಾಗಿ ತಿರುಗಿಸಿದಳು. ಅಡಿಯಲ್ಲಿ, ಅಂಚಿನ ಹತ್ತಿರ, ಟೀಯ ಸಣ್ಣದೊಂದು ಗೀರು ಉಳಿದಿತ್ತು.

ಲೋಟವನ್ನು ವಾಪಸು ಕೊಟ್ಟಳು.

"ಇನ್ನೊಮ್ಮೆ."